ಮನೆಯೊಳಗಿದ್ದೇ ಓಡಿಹೋದ ಹುಡುಗ

ರಾತ್ರಿ ಹನ್ನೊಂದೂವರೆ. ಮನೆಯ ದೀಪಗಳೆಲ್ಲ ಆರಿ ಬಹಳ ಹೊತ್ತಾಗಿದೆ. ನೀರು ಕುಡಿಯಲೆಂದು ಎದ್ದ ತಂದೆಗೆ ಮಗನ ಕೋಣೆಯ ಬಾಗಿಲ ಸಂದಿಯಲ್ಲಿ ನೀಲಿ ಬೆಳಕು ಕಾಣುತ್ತದೆ. ಹತ್ತನೆಯ ತರಗತಿಯ ಹುಡುಗ ಹೊದಿಕೆಯೊಳಗೆ ಮೊಬೈಲು ಹಿಡಿದು ಮಲಗಿದ್ದಾನೆ. ಅವನ ಇಡೀ ದೇಹದಲ್ಲಿ ಹೆಬ್ಬೆರಳೊಂದೇ ಆಡುತ್ತಿದೆ. ಎಂಟೂವರೆಗೆ ಊಟ ಮುಗಿಸಿ, ‘ಓದಿಕೊಳ್ಳುತ್ತೇನೆ’ ಎಂದು ಹೇಳಿ ಒಳಗೆ ಹೋದವನು ಅವನು.

“ಮೂರು ಗಂಟೆ ಏನು ನೋಡಿದೆ?” ತಂದೆಯ ಪ್ರಶ್ನೆ. ಹುಡುಗ ಬಾಯಿ ಬಿಡುವುದಿಲ್ಲ. ಅದು ಉದ್ಧಟತನದ ಮೌನ ಎಂದು ತಂದೆ ಭಾವಿಸುತ್ತಾರೆ. ವಾಸ್ತವವಾಗಿ ಹುಡುಗನಿಗೇ ಉತ್ತರ ತಿಳಿಯದು. ಒಂದು ಕುಣಿತ, ಒಂದು ಸಿಕ್ಸರ್, ಯಾರೋ ಕರಿಯುತ್ತಿದ್ದ ಬಜ್ಜಿ, ಎಲ್ಲಿಯದೋ ಒಂದು ನಾಯಿಮರಿ, ಮತ್ತೊಂದು ಕುಣಿತ. ನೂರಾರು ತುಣುಕುಗಳು ಕಣ್ಣ ಮುಂದೆ ಹಾದುಹೋಗಿವೆ. ಒಂದೂ ನೆನಪಿನಲ್ಲಿ ಉಳಿದಿಲ್ಲ. ತಂದೆ ಮೊಬೈಲು ಕಿತ್ತುಕೊಳ್ಳುತ್ತಾರೆ, ಹುಡುಗ ಗೋಡೆಯ ಕಡೆ ತಿರುಗಿ ಮಲಗುತ್ತಾನೆ. ಮರುದಿನ ಬೆಳಿಗ್ಗೆ ಆ ಮನೆಯಲ್ಲಿ ಇಬ್ಬರು ಮಾತನಾಡುವುದಿಲ್ಲ.

ಈ ಹುಡುಗನಿಗೆ ಹೆಸರು ಬೇಡ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇವನಿದ್ದಾನೆ, ತಾಲ್ಲೂಕು ಕೇಂದ್ರದ ಬಾಡಿಗೆ ಮನೆಯಲ್ಲಿ ಇದ್ದಾನೆ, ತೋಟದ ಮನೆಯಲ್ಲೂ ಇದ್ದಾನೆ. ಹುಡುಗಿಯರಲ್ಲೂ ಇಂಥವರಿದ್ದಾರೆ. ಎಲ್ಲ ಮನೆಗಳಲ್ಲೂ ಕೇಳಿಬರುವ ಪ್ರಶ್ನೆ ಒಂದೇ: ‘ಎಷ್ಟು ಹೊತ್ತು ನೋಡುತ್ತೀ?’ ಆದರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ.

‘ಶುಭಂ’ ಇಲ್ಲದ ಸಿನಿಮಾ

ಮನರಂಜನೆ ಪಾಪವೇನಲ್ಲ. ಪಠ್ಯಪುಸ್ತಕದ ನಡುವೆ ಪತ್ತೇದಾರಿ ಕಾದಂಬರಿ ಇಟ್ಟುಕೊಂಡು ಓದಿದವರೇ ಇಂದು ಅಜ್ಜಂದಿರಾಗಿದ್ದಾರೆ. ಟೂರಿಂಗ್ ಟಾಕೀಸಿನ ಗುಡಾರದ ಸಂದಿಯಲ್ಲಿ ಇಣುಕಿದವರು ನಿವೃತ್ತಿ ವೇತನ ಪಡೆಯುತ್ತಿದ್ದಾರೆ. 1987ರ ಜನವರಿಯಿಂದ 1988ರ ಜುಲೈವರೆಗೆ ದೂರದರ್ಶನದಲ್ಲಿ ರಮಾನಂದ ಸಾಗರರ ‘ರಾಮಾಯಣ’ ಪ್ರಸಾರವಾಗುತ್ತಿದ್ದಾಗ ಭಾನುವಾರ ಬೆಳಿಗ್ಗೆ ಊರ ಬೀದಿಗಳು ಬಿಕೋ ಎನ್ನುತ್ತಿದ್ದವು. ಟಿ.ವಿ. ಇದ್ದ ಮನೆಯ ಹಜಾರದಲ್ಲಿ ಇಡೀ ಕೇರಿ ಬಂದು ಕೂರುತ್ತಿತ್ತು. ‘ಮಕ್ಕಳು ಕೆಟ್ಟರು’ ಎಂದು ಹಿರಿಯರು ಆಗಲೂ ಹೇಳಿದ್ದರು.

ಹಾಗಾದರೆ ಇಂದಿನ ಆತಂಕವೂ ಅದೇ ಹಳೆಯ ಗೊಣಗಾಟವೇ? ಪೂರ್ತಿ ಹಾಗಲ್ಲ. ಕಾದಂಬರಿಗೆ ಕೊನೆಯ ಪುಟವಿತ್ತು. ಸಿನಿಮಾಕ್ಕೆ ‘ಶುಭಂ’ ಇತ್ತು. ಭಾನುವಾರದ ಧಾರಾವಾಹಿ ಒಂದು ಗಂಟೆಯೊಳಗೆ ಮುಗಿದು, ಮುಂದಿನ ಕಂತಿಗೆ ಏಳು ದಿನ ಕಾಯಬೇಕಿತ್ತು. ಮುಗಿದ ಮೇಲೆ ಹುಡುಗ ಏಳಲೇಬೇಕು, ಬಿಸಿಲಿಗೆ ಹೋಗಲೇಬೇಕು. ಮನರಂಜನೆ ತಾನಾಗಿಯೇ ಅವನನ್ನು ಹೊರಗೆ ಕಳುಹಿಸುತ್ತಿತ್ತು.

ಇಂದಿನ ಪರದೆಯಲ್ಲಿ ‘ಶುಭಂ’ ಇಲ್ಲ. ಇದು ಆಕಸ್ಮಿಕವಾಗಿ ಆದದ್ದಲ್ಲ. ಮೊದಮೊದಲು ಕಂಪ್ಯೂಟರಿನ ಪುಟದ ಕೆಳಗೆ ‘ಮುಂದಿನ ಪುಟ’ ಎಂಬ ಗುಂಡಿ ಇರುತ್ತಿತ್ತು. ಅಲ್ಲಿಗೆ ಬಂದಾಗ ಕೈ ಒಂದು ಕ್ಷಣ ನಿಲ್ಲುತ್ತಿತ್ತು, ‘ಸಾಕೇ?’ ಎಂದು ಮನಸ್ಸು ಕೇಳಿಕೊಳ್ಳುತ್ತಿತ್ತು. 2006ರಲ್ಲಿ ಅಮೆರಿಕದ ವಿನ್ಯಾಸಕಾರ ಏಜಾ ರಾಸ್ಕಿನ್ ಆ ಗುಂಡಿಯನ್ನೇ ತೆಗೆದು, ಕೆಳಗೆ ಸರಿಸಿದಷ್ಟೂ ಹೊಸದು ಬರುವ ಕೊನೆಯಿಲ್ಲದ ಪುಟವನ್ನು ರೂಪಿಸಿದರು. ಓದುವವರಿಗೆ ಅನುಕೂಲವಾಗಲಿ ಎಂಬುದು ಅವರ ಉದ್ದೇಶವಾಗಿತ್ತು. ಮುಂದೆ ಅದು ಜನರ ಕಾಲವನ್ನು ನುಂಗುತ್ತಿರುವುದನ್ನು ಕಂಡು ಅವರೇ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದರು. ನಿಲ್ಲುವ ಆ ಒಂದು ಕ್ಷಣವನ್ನು ಕಳೆದುಕೊಂಡ ಕೈಗೆ ನಿಲ್ಲುವುದು ಕಷ್ಟ.

ಪಾರಿವಾಳ, ಕೋತಿ ಮತ್ತು ಇಲಿ

ಕೊನೆಯಿಲ್ಲ ಎಂದಮಾತ್ರಕ್ಕೆ ಹುಡುಗ ಏಕೆ ಮುಂದುವರಿಯಬೇಕು? ಬೇಸರವಾಗಬೇಕಿತ್ತಲ್ಲವೇ? ಇದಕ್ಕೆ ಉತ್ತರ ಮೊಬೈಲು ಹುಟ್ಟುವ ಮೊದಲೇ ಪ್ರಯೋಗಶಾಲೆಯಲ್ಲಿ ದೊರೆತಿತ್ತು.

ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು, ಅವು ಒಂದು ಬಿಲ್ಲೆಯನ್ನು ಕುಕ್ಕಿದರೆ ಕಾಳು ಬೀಳುವಂತೆ ಮಾಡಿದ್ದರು. ನಿಗದಿಯಾದಷ್ಟು ಸಲ ಕುಕ್ಕಿದಾಗಲೆಲ್ಲ ಕಾಳು ಬಿದ್ದರೆ, ಪಾರಿವಾಳ ಕಾಳು ತಿಂದು ಸ್ವಲ್ಪ ವಿಶ್ರಮಿಸುತ್ತಿತ್ತು. ಕಾಳು ಯಾವಾಗ ಬೀಳುವುದೆಂದು ಹೇಳಲಾಗದಂತೆ ಮಾಡಿದಾಗ ಅದು ವಿಶ್ರಾಂತಿಯನ್ನೇ ಮರೆತು ಕುಕ್ಕುತ್ತಿತ್ತು. ಕಾಳು ಬೀಳುವುದು ಪೂರ್ತಿ ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇತ್ತು. ಈ ಬಗೆಯ ಪ್ರಯೋಗಗಳ ವಿವರವನ್ನು ಅವರು ಚಾರ್ಲ್ಸ್ ಫರ್ಸ್ಟರ್ ಅವರೊಡನೆ 1957ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಹತ್ತು ತುಣುಕುಗಳಲ್ಲಿ ಒಂದು ಮಾತ್ರ ಚೆನ್ನಾಗಿದ್ದು, ಆ ಒಂದು ಯಾವುದೆಂದು ತಿಳಿಯದಿದ್ದರೆ, ಹೆಬ್ಬೆರಳು ಪಾರಿವಾಳದ ಕೊಕ್ಕಾಗುತ್ತದೆ.

ಆಗ ಮಿದುಳಿನಲ್ಲಿ ಏನು ನಡೆಯುತ್ತದೆ? 1990ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ವೋಲ್ಫ್‌ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮಿದುಳಿನ ಡೋಪಮೈನ್ ಸ್ರವಿಸುವ ನರಕೋಶಗಳನ್ನು ಗಮನಿಸಿದರು. ಕೋತಿಗೆ ಅನಿರೀಕ್ಷಿತವಾಗಿ ಒಂದು ಹನಿ ಹಣ್ಣಿನ ರಸ ಕೊಟ್ಟಾಗ ಆ ಕೋಶಗಳು ಚುರುಕಾದವು. ರಸ ಬರುವ ಮುನ್ನ ಪ್ರತಿಸಲವೂ ಒಂದು ಸೂಚನೆ ಕೊಡತೊಡಗಿದಾಗ, ಕೆಲವು ದಿನಗಳಲ್ಲಿ ಕೋಶಗಳು ಸೂಚನೆ ಕಂಡಾಗಲೇ ಚುರುಕಾದವು. ರಸ ನಾಲಗೆಗೆ ಬಿದ್ದಾಗ ಸುಮ್ಮನಿದ್ದವು. ನಿರೀಕ್ಷಿಸಿದ ರಸ ಬಾರದಿದ್ದರೆ ಅವುಗಳ ಚಟುವಟಿಕೆ ಇಳಿಯುತ್ತಿತ್ತು. ಡೋಪಮೈನ್ ಎಂದರೆ ಸುಖದ ರಸಾಯನ ಎಂಬ ಮಾತು ಜನಪ್ರಿಯವಾಗಿದೆ. ಅದು ಸುಖಕ್ಕಿಂತ ಹೆಚ್ಚಾಗಿ ನಿರೀಕ್ಷೆಯ ಲೆಕ್ಕವಿಡುತ್ತದೆ ಎಂಬುದನ್ನು ಈ ಪ್ರಯೋಗಗಳು ತೋರಿಸಿದವು. ಮೊಬೈಲು ‘ಟಿಣ್’ ಎಂದಾಗ ಆಗುವ ಪುಳಕ ಸಂದೇಶ ಓದಿದಾಗ ಇರುವುದಿಲ್ಲವಷ್ಟೆ?

ಮೂರನೆಯದು ಇಲಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಮತ್ತು ಸಂಗಡಿಗರು ಇಲಿಗಳ ಮಿದುಳಿನಲ್ಲಿ ಡೋಪಮೈನ್ ಬಹುಪಾಲು ಇಲ್ಲವಾಗುವಂತೆ ಮಾಡಿದರು. ಆ ಇಲಿಗಳು ಎದುರಿಗಿದ್ದ ಆಹಾರವನ್ನು ತಾವಾಗಿ ಹೋಗಿ ತಿನ್ನಲಿಲ್ಲ. ಆದರೆ ಬಾಯಿಗೆ ಸಕ್ಕರೆ ನೀರು ಬಿಟ್ಟಾಗ, ಬೇರೆ ಇಲಿಗಳಂತೆಯೇ ನಾಲಗೆ ಚಪ್ಪರಿಸಿದವು. ಎಂದರೆ, ಒಂದನ್ನು ‘ಬೇಕು’ ಎನ್ನುವುದು ಒಂದು ವ್ಯವಸ್ಥೆ, ಅದು ‘ಚೆನ್ನಾಗಿದೆ’ ಎನ್ನುವುದು ಇನ್ನೊಂದು. ಇವೆರಡೂ ಸಾಮಾನ್ಯವಾಗಿ ಜೊತೆಯಾಗಿಯೇ ನಡೆಯುತ್ತವೆ, ಆದರೆ ಬೇರೆ ಬೇರೆಯಾಗಲೂಬಲ್ಲವು. ಗೀಳು ಹಿಡಿದಾಗ ಆಗುವುದು ಇದೇ: ಸೊಗಸು ಸತ್ತಿರುತ್ತದೆ, ಬೇಕೆಂಬುದು ಬೆಳೆದಿರುತ್ತದೆ.

ಮೂರು ಗಂಟೆ ಕಳೆದ ಹುಡುಗ ‘ಮಜಾ ಮಾಡಿದ’ ಎಂದು ತಂದೆ ತಿಳಿಯುತ್ತಾರೆ. ಅವನ ಮುಖ ನೋಡಿದರೆ ಸಾಕು, ಅಲ್ಲಿ ಮಜಾ ಮಾಡಿದ ಗುರುತೇ ಇರುವುದಿಲ್ಲ.

ಮಾಲ್ಗುಡಿಯ ಸ್ವಾಮಿ ಮತ್ತು ಇಂದಿನ ಸ್ವಾಮಿ

ಆದರೆ ಮನುಷ್ಯನ ಮಗು ಪಾರಿವಾಳವಲ್ಲ, ಕೋತಿಯಲ್ಲ, ಇಲಿಯೂ ಅಲ್ಲ. ತಪ್ಪೆಲ್ಲ ಯಂತ್ರದ್ದೇ ಆಗಿದ್ದರೆ, ಅದನ್ನು ಮುಟ್ಟಿದ ಮಕ್ಕಳೆಲ್ಲರೂ ಒಂದೇ ರೀತಿ ಸಿಕ್ಕಿಬೀಳಬೇಕಿತ್ತು. ಹಾಗಾಗಿಲ್ಲ. ಒಂದೇ ತರಗತಿಯ ಇಬ್ಬರ ಬಳಿ ಒಂದೇ ಬಗೆಯ ಮೊಬೈಲು, ಒಂದೇ ಆಟ. ಒಬ್ಬ ಅರ್ಧ ಗಂಟೆ ಆಡಿ, ಗೆಳೆಯ ಕರೆದೊಡನೆ ಬ್ಯಾಟು ಹಿಡಿದು ಹೊರಡುತ್ತಾನೆ. ಇನ್ನೊಬ್ಬನಿಗೆ ಏಳಲಾಗುವುದಿಲ್ಲ. ಮೊದಲಿನವನು ಆಟದ ಕಡೆಗೆ ಹೋಗಿದ್ದ, ಎರಡನೆಯವನು ಯಾವುದರಿಂದಲೋ ದೂರ ಓಡಿದ್ದಾನೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ.

ಓಡಿಹೋಗುವುದು ಹರೆಯದಷ್ಟೇ ಹಳೆಯದು. ಆರ್.ಕೆ. ನಾರಾಯಣ್ ಅವರ 1935ರ ಮೊದಲ ಕಾದಂಬರಿಯ ನಾಯಕ ಸ್ವಾಮಿಯನ್ನು ಕನ್ನಡದ ಮನೆಗಳು ಚೆನ್ನಾಗಿ ಬಲ್ಲವು. ಶಂಕರ್‌ನಾಗ್ ನಿರ್ದೇಶಿಸಿ, ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಿಂದ ಅವನು ಮನೆಮಗನೇ ಆದ. ಹೆಡ್‌ಮಾಸ್ಟರರ ಬೆತ್ತವನ್ನು ಕಸಿದು ಕಿಟಕಿಯಾಚೆ ಎಸೆದು ಸ್ವಾಮಿ ಓಡುತ್ತಾನೆ. ಶಾಲೆಗೆ ಮರಳುವ ಮುಖವಿಲ್ಲ, ಮನೆಗೆ ಹೋಗುವ ಧೈರ್ಯವಿಲ್ಲ. ಊರು ಬಿಟ್ಟು ನಡೆಯುತ್ತಾನೆ, ಕಾಡಿನ ದಾರಿಯಲ್ಲಿ ಕತ್ತಲಾಗುತ್ತದೆ, ಭಯವಾಗುತ್ತದೆ. ಅತ್ತ ಮನೆಯವರು ಗಾಬರಿಯಿಂದ ಹುಡುಕುತ್ತಾರೆ. ಕೊನೆಗೆ ಅವನು ಸಿಗುತ್ತಾನೆ.

ಇಂದಿನ ಸ್ವಾಮಿಗೆ ಕಾಡಿನ ದಾರಿ ಬೇಕಿಲ್ಲ. ಅವನು ಮಂಚ ಬಿಟ್ಟು ಏಳದೆಯೇ ಓಡಿಹೋಗಬಲ್ಲ. ದಾರಿಯಲ್ಲಿ ಕತ್ತಲಾಗುವುದಿಲ್ಲ, ಹಸಿವಾಗುವುದಿಲ್ಲ, ‘ಮನೆಗೆ ಹೋಗೋಣ’ ಎನಿಸುವಂಥದ್ದೇನೂ ಎದುರಾಗುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅವನು ಕಳೆದುಹೋಗಿದ್ದಾನೆಂದು ಯಾರಿಗೂ ತಿಳಿಯುವುದಿಲ್ಲ. ಊಟಕ್ಕೆ ಕರೆದರೆ ಬರುತ್ತಾನೆ. ಆದ್ದರಿಂದ ಯಾರೂ ಹುಡುಕುವುದಿಲ್ಲ.

ಅವನು ಓಡುವುದು ಯಾವುದರಿಂದ? ಕೆಲವೊಮ್ಮೆ ಬರಿಯ ಬೇಸರದಿಂದ. ಬೇಸರವನ್ನು ಹಗುರವಾಗಿ ಕಾಣುವಂತಿಲ್ಲ. 2014ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಟಿಮೋತಿ ವಿಲ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನರನ್ನು ಬರಿದಾದ ಕೋಣೆಯಲ್ಲಿ 15 ನಿಮಿಷ ಒಂಟಿಯಾಗಿ ಕೂರಿಸಲಾಗಿತ್ತು. ಪುಸ್ತಕವಿಲ್ಲ, ಫೋನಿಲ್ಲ. ಇದ್ದದ್ದು, ಒತ್ತಿದರೆ ವಿದ್ಯುತ್ತಿನ ಸಣ್ಣ ಆಘಾತ ಕೊಡುವ ಗುಂಡಿ ಮಾತ್ರ. ಆ ಆಘಾತ ತಪ್ಪಿಸಿಕೊಳ್ಳಲು ದುಡ್ಡು ಬೇಕಾದರೂ ಕೊಟ್ಟೇವು ಎಂದು ಮೊದಲೇ ಹೇಳಿದ್ದವರು ಅವರು. ಆದರೂ 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಗುಂಡಿ ಒತ್ತಿಕೊಂಡರು. ತಮ್ಮದೇ ಆಲೋಚನೆಗಳ ಜೊತೆ ಸುಮ್ಮನೆ ಕೂರುವುದಕ್ಕಿಂತ ಆಘಾತವೇ ವಾಸಿ ಎನಿಸಿತ್ತು. ಬೆಳೆದವರ ಪಾಡೇ ಹೀಗಿರುವಾಗ ಹದಿನೈದರ ಮಕ್ಕಳನ್ನು ದೂರಿ ಫಲವೇನು?

ಕೆಲವೊಮ್ಮೆ ಓಟ ಬೇಸರದಿಂದಲ್ಲ, ಭಯದಿಂದ. ಮತ್ತೆ ಆ ರಾತ್ರಿಯ ಹುಡುಗನ ಕಡೆಗೆ ಬರಬೇಕು. ಅವನ ಚೀಲದ ಒಳಖಾನೆಯಲ್ಲಿ ನಾಲ್ಕಾಗಿ ಮಡಿಸಿದ ಒಂದು ಉತ್ತರಪತ್ರಿಕೆ ಇದೆ. ಪೂರ್ವಸಿದ್ಧತಾ ಪರೀಕ್ಷೆ, ಗಣಿತ, 80ಕ್ಕೆ 19. ತಂದೆಯ ಸಹಿ ಆಗಬೇಕು. ಅದು ಒಂಬತ್ತು ದಿನಗಳಿಂದ ಅಲ್ಲೇ ಇದೆ. ಗಣಿತದ ಪುಸ್ತಕ ತೆರೆದೊಡನೆ ಅವನಿಗೆ ಮೊದಲು ಕಾಣುವುದು ಲೆಕ್ಕವಲ್ಲ, ಆ ಕಾಗದ. ಎದೆ ಭಾರವಾಗುತ್ತದೆ. ಮೊಬೈಲು ತೆರೆದರೆ ಮೂವತ್ತು ಸೆಕೆಂಡು ಆ ಭಾರ ಇಳಿಯುತ್ತದೆ, ತುಣುಕು ಮುಗಿದಾಗ ಮರಳುತ್ತದೆ. ಆದ್ದರಿಂದ ಇನ್ನೊಂದು ತುಣುಕು. ಇಲ್ಲಿ ಅವನಿಗೆ ಸಿಗುತ್ತಿರುವುದು ಸುಖವಲ್ಲ, ನೋವಿನಿಂದ ಕ್ಷಣಕಾಲದ ಬಿಡುಗಡೆ. ತಲೆನೋವಿನ ಮಾತ್ರೆಯನ್ನು ರುಚಿಗಾಗಿ ಯಾರೂ ನುಂಗುವುದಿಲ್ಲ. ಇತ್ತ ಒಂಬತ್ತು ದಿನಗಳ ಪಾಠ ಬಾಕಿಯಾಗಿದೆ. ಬಾಕಿ ಬೆಳೆದಂತೆ ಭಯ ಬೆಳೆಯುತ್ತದೆ, ಭಯ ಬೆಳೆದಂತೆ ಓಟ ಉದ್ದವಾಗುತ್ತದೆ.

ಇನ್ನೊಂದು ಮನೆಯಲ್ಲಿ ಅದು ಗಣಿತವಲ್ಲದಿರಬಹುದು. ಕನ್ನಡ ಮಾಧ್ಯಮದಿಂದ ಬಂದು ಪಿ.ಯು. ತರಗತಿಯ ಇಂಗ್ಲಿಷ್ ಅರ್ಥವಾಗದ ಸಂಕಟವಿರಬಹುದು. ಮೈಬಣ್ಣವನ್ನೋ ದಪ್ಪವನ್ನೋ ಹೇಳಿ ಅಣಕಿಸುವ ಸಹಪಾಠಿಗಳಿರಬಹುದು. ಗೋಡೆಯಾಚೆ ಕೇಳಿಸುವ ತಂದೆತಾಯಿಯ ಜಗಳವಿರಬಹುದು. ಇಂಥಲ್ಲಿ ಮೊಬೈಲು ಕಿತ್ತುಕೊಂಡರೆ ಓಡುವ ದಾರಿ ಮುಚ್ಚುತ್ತದೆ, ಅಟ್ಟಿಸಿಕೊಂಡು ಬರುತ್ತಿರುವುದು ಮಾತ್ರ ಹಾಗೆಯೇ ಉಳಿಯುತ್ತದೆ.

ಎಲ್ಲವೂ ರೋಗವಲ್ಲ

ಮೊಬೈಲು ನೋಡುವ ಮಕ್ಕಳೆಲ್ಲ ರೋಗಿಗಳೆಂದು ಹೆದರಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ, 2022ರ ಜನವರಿ 1ರಿಂದ ಜಾರಿಗೆ ಬಂದ ರೋಗಗಳ ಪಟ್ಟಿಯಲ್ಲಿ ‘ಗೇಮಿಂಗ್ ಕಾಯಿಲೆ’ಗೆ ಸ್ಥಾನ ಸಿಕ್ಕಿದೆ. ಅದಕ್ಕೆ ಹೇಳಿರುವ ಲಕ್ಷಣಗಳು ಮೂರು. ಆಟದ ಮೇಲೆ ಹಿಡಿತ ತಪ್ಪುವುದು. ಊಟ, ನಿದ್ದೆ, ಓದು, ಗೆಳೆತನ ಎಲ್ಲಕ್ಕಿಂತ ಆಟವೇ ಮುಖ್ಯವಾಗುವುದು. ಕೇಡಾಗುತ್ತಿದೆಯೆಂದು ಗೊತ್ತಿದ್ದೂ ಬಿಡಲಾಗದಿರುವುದು. ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಮುಂದುವರಿದು ಬದುಕನ್ನು ಗಣನೀಯವಾಗಿ ಕೆಡಿಸಿದ್ದರೆ ಮಾತ್ರ ಅದನ್ನು ಕಾಯಿಲೆ ಎನ್ನುತ್ತಾರೆ. ಒಂದು ರಜೆಯ ವಾರವಿಡೀ ಆಡಿದ ಹುಡುಗ ರೋಗಿಯಲ್ಲ.

ಹಿಡಿತ ನಿಜವಾಗಿಯೂ ತಪ್ಪಿದಾಗ ಬೈಗುಳ ಸಾಲದು, ನೆರವು ಬೇಕು. ತಂತ್ರಜ್ಞಾನದ ಅತಿಬಳಕೆಗೆ ಸಿಕ್ಕವರಿಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಕ್ಲಿನಿಕ್ ತೆರೆಯಿತು. ಮನಸ್ಸಿನ ಯಾವುದೇ ತೊಂದರೆಗೆ ‘ಟೆಲಿ ಮಾನಸ್’ ಸಹಾಯವಾಣಿ 2022ರ ಅಕ್ಟೋಬರಿನಿಂದ ಇದೆ. ಸಂಖ್ಯೆ 14416, ಕರೆ ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಜ್ವರ ಬಂದಾಗ ವೈದ್ಯರಲ್ಲಿಗೆ ಹೋಗಲು ನಾಚದವರು ಇಲ್ಲಿ ನಾಚಬೇಕಾದ್ದಿಲ್ಲ.

ಬೀಗ ಹಾಕಿದರೆ ಸಾಕೇ?

‘ಸರ್ಕಾರವೇ ನಿಷೇಧಿಸಬಾರದೇ?’ ಎನ್ನುವ ಪಾಲಕರುಂಟು. ನಿಷೇಧದ ಉದಾಹರಣೆಗಳು ಬೇಕಾದಷ್ಟಿವೆ. ಬೇರೆ ಕಾರಣಗಳಿಗಾಗಿಯಾದರೂ ಭಾರತ 2020ರ ಜೂನ್ 29ರಂದು ಟಿಕ್‌ಟಾಕನ್ನು ನಿಷೇಧಿಸಿತು. ಜುಲೈ ತಿಂಗಳಲ್ಲೇ ಇನ್‌ಸ್ಟಾಗ್ರಾಮಿನ ರೀಲ್ಸ್ ಬಂತು, ಸೆಪ್ಟೆಂಬರಿನಲ್ಲಿ ಯೂಟ್ಯೂಬಿನ ಶಾರ್ಟ್ಸ್ ಬಂತು. ಹೆಬ್ಬೆರಳಿಗೆ ವಿಶ್ರಾಂತಿ ಸಿಗಲಿಲ್ಲ. ದಕ್ಷಿಣ ಕೊರಿಯಾ 2011ರಲ್ಲಿ ಹದಿನಾರರೊಳಗಿನ ಮಕ್ಕಳಿಗೆ ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಆನ್‌ಲೈನ್ ಆಟ ನಿಲ್ಲಿಸುವ ಕಾನೂನು ತಂದಿತ್ತು. ಹತ್ತು ವರ್ಷ ನೋಡಿ, ಅದನ್ನು ರದ್ದುಮಾಡಲು 2021ರಲ್ಲಿ ನಿರ್ಧರಿಸಿತು. ಚೀನಾ 2021ರಲ್ಲಿ ಹದಿನೆಂಟರೊಳಗಿನವರ ಆನ್‌ಲೈನ್ ಆಟವನ್ನು ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಂದು ರಾತ್ರಿ 8ರಿಂದ 9ರವರೆಗಿನ ಒಂದು ಗಂಟೆಗೆ ಇಳಿಸಿತು. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ ಹದಿನಾರರೊಳಗಿನವರ ಸಾಮಾಜಿಕ ಜಾಲತಾಣಗಳ ಖಾತೆಗೆ ತಡೆ ಹಾಕಿದೆ.

ಕಾನೂನು ಬೇಡವೆಂದಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಭಾರತ 2025ರ ಆಗಸ್ಟಿನಲ್ಲಿ ತಂದ ಕಾನೂನು ಅನೇಕ ಮನೆಗಳಿಗೆ ಬೇಕಾಗಿದ್ದೇ. ಆದರೆ ಕಾನೂನು ಗೇಟು ಮುಚ್ಚಬಲ್ಲದು. ಗೇಟಿನ ಬಳಿ ಏದುಸಿರು ಬಿಡುತ್ತ ನಿಂತ ಹುಡುಗನನ್ನು ‘ಏನಾಯಿತು?’ ಎಂದು ಕೇಳಲಾರದು. ಅದನ್ನು ಕೇಳಬೇಕಾದವರು ಮನೆಯವರು, ಮತ್ತು ಶಾಲೆಯವರು.

ಒಂದು ವಾರದ ಪ್ರಯೋಗ

ಕರ್ನಾಟಕದ ಗಡಿಗೆ ಹೊಂದಿದ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಿದೆ. ಕೋವಿಡ್ ಕಾಲದ ಆನ್‌ಲೈನ್ ಪಾಠಕ್ಕೆಂದು ಕೈಗೆ ಬಂದ ಮೊಬೈಲನ್ನು ಶಾಲೆ ತೆರೆದ ಮೇಲೂ ಮಕ್ಕಳು ಬಿಡಲಿಲ್ಲ. 2022ರಲ್ಲಿ ಊರಿನವರು ಒಂದು ಕಟ್ಟಲೆ ಮಾಡಿಕೊಂಡರು. ಸಂಜೆ 7 ಗಂಟೆಗೆ ದೇವಸ್ಥಾನದ ಮೇಲಿನ ಸೈರನ್ ಕೂಗುತ್ತದೆ. ಮುಂದಿನ ಒಂದೂವರೆ ಗಂಟೆ ಯಾರ ಮನೆಯಲ್ಲೂ ಟಿ.ವಿ. ಇಲ್ಲ, ಮೊಬೈಲಿಲ್ಲ. ಮಕ್ಕಳು ಓದಬೇಕು, ಮನೆಯವರು ಮಾತನಾಡಬೇಕು. ಇಲ್ಲಿ ಗಮನಿಸಬೇಕಾದ್ದು ಸೈರನ್ ಅಲ್ಲ. ಮಕ್ಕಳ ಮೊಬೈಲಿನ ಜೊತೆಗೆ ಅಪ್ಪನ ಮೊಬೈಲೂ ಆರಿತು, ಅಮ್ಮನ ಧಾರಾವಾಹಿಯೂ ನಿಂತಿತು ಎಂಬುದು. ಅಪ್ಪ ಸೋಫಾದಲ್ಲಿ ಮೊಬೈಲು ನೋಡುತ್ತ ಮಗನಿಗೆ ‘ಮೊಬೈಲು ಬಿಡು’ ಎಂದರೆ, ಮಗ ಕಲಿಯುವುದು ಮಾತಿನಿಂದಲ್ಲ, ಸೋಫಾದಿಂದ.

ಪ್ರತಿ ಊರಿಗೂ ಸೈರನ್ ಸಾಧ್ಯವಿಲ್ಲ. ಆದರೆ ವಿಜ್ಞಾನ ಓದುವ ವಿದ್ಯಾರ್ಥಿ ಒಂದು ವಾರ ತನ್ನ ಮೇಲೆ ತಾನೇ ಒಂದು ಸರಳ ಪ್ರಯೋಗ ನಡೆಸಬಹುದು. ಬೇಕಾಗುವ ಸಾಮಗ್ರಿ: ಒಂದು ನೋಟ್‌ಬುಕ್, ಒಂದು ಪೆನ್ನು. ವಿಧಾನ: ಪುಟದಲ್ಲಿ ನಾಲ್ಕು ಕಂಬಸಾಲು ಎಳೆಯಬೇಕು. ಮೊಬೈಲು ಕೈಗೆತ್ತಿಕೊಂಡ ಹೊತ್ತು, ಇಟ್ಟ ಹೊತ್ತು, ಎತ್ತಿಕೊಳ್ಳುವ ಮುನ್ನ ಮನಸ್ಸು ಹೇಗಿತ್ತು, ಇಟ್ಟ ಮೇಲೆ ಹೇಗಿತ್ತು. ಸುಳ್ಳು ಬರೆಯಬಾರದು, ಯಾರಿಗೂ ತೋರಿಸಬೇಕಾಗಿಲ್ಲ. ಆ ವಾರ ಕಡಿಮೆ ನೋಡಲು ಯತ್ನಿಸುವುದೂ ಬೇಡ. ಮೊದಲು ವೀಕ್ಷಣೆ, ಆಮೇಲೆ ತೀರ್ಮಾನ. ಏಳು ದಿನಗಳ ನಂತರ ಮೂರನೆಯ ಸಾಲನ್ನು ಮೇಲಿನಿಂದ ಕೆಳಕ್ಕೆ ಓದಿದರೆ, ಅಲ್ಲಿ ಒಂದೇ ಮಾತು ಮತ್ತೆ ಮತ್ತೆ ಬಂದಿರುವುದು ಕಾಣಬಹುದು. ‘ಬೇಜಾರು’, ‘ಭಯ’, ‘ಒಂಟಿ’, ‘ಗಣಿತ’. ಓಟ ಎಲ್ಲಿಂದ ಶುರುವಾಗುತ್ತಿದೆಯೆಂದು ಆ ಸಾಲು ಹೇಳುತ್ತದೆ. ಪಾಲಕರೂ ತಮ್ಮದೊಂದು ಪುಟ ಬರೆದರೆ ಪ್ರಯೋಗಕ್ಕೆ ತೂಕ ಬರುತ್ತದೆ.

ಉಳಿದದ್ದು ಸಣ್ಣ ಸಣ್ಣ ಏರ್ಪಾಡುಗಳು. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಆ ವಯಸ್ಸಿನಲ್ಲಿ ದೇಹದ ಒಳಗಿನ ಗಡಿಯಾರವೇ ತಡವಾಗಿ ನಿದ್ದೆ ತರುತ್ತದೆ, ಅದರ ಮೇಲೆ ಪರದೆಯೂ ಸೇರಿದರೆ ನಿದ್ದೆ ಇನ್ನಷ್ಟು ದೂರ. ಆದ್ದರಿಂದ ರಾತ್ರಿ ಮೊಬೈಲುಗಳು, ಅಪ್ಪ ಅಮ್ಮನದೂ ಸೇರಿ, ಹಜಾರದ ಒಂದೇ ಮೂಲೆಯಲ್ಲಿ ಚಾರ್ಜಿಗೆ ಮಲಗಲಿ. ಏಳಿಸಲು ಹಳೆಯ ಅಲಾರಂ ಗಡಿಯಾರ ಸಾಕು. ಮನರಂಜನೆ ಇರಲಿ, ಆದರೆ ಕೊನೆಯಿರುವಂಥದು ಇರಲಿ: ಒಂದು ಸಿನಿಮಾ, ಒಂದು ಕಥೆ, ಒಂದು ಪಂದ್ಯ.

ಇನ್ನು ಆ ಹುಡುಗ. ಹತ್ತನೆಯ ರಾತ್ರಿ ತಂದೆ ಮತ್ತೆ ನೀಲಿ ಬೆಳಕು ಕಾಣುತ್ತಾರೆ. ಈ ಸಲ ಕೈ ಚಾಚುವುದಿಲ್ಲ. ಮಂಚದ ತುದಿಯಲ್ಲಿ ಕೂರುತ್ತಾರೆ. “ಯಾವುದಕ್ಕೋ ಹೆದರಿದ್ದೀಯಾ?” ಎಂದು ಕೇಳುತ್ತಾರೆ. ಬಹಳ ಹೊತ್ತಿನ ಮೇಲೆ ಹುಡುಗ ಎದ್ದು ಚೀಲದಿಂದ ಮಡಿಸಿದ ಕಾಗದ ತೆಗೆದು ಕೊಡುತ್ತಾನೆ. 19 ಅಂಕ ನೋಡಿ ತಂದೆಗೆ ಸಿಟ್ಟು ಬರುವುದಿಲ್ಲವೆಂದಲ್ಲ, ಬರುತ್ತದೆ. ಅದನ್ನು ನುಂಗಿಕೊಂಡು ಸಹಿ ಹಾಕುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಬಂದಿರುವುದನ್ನು ನೆನಪಿಸುತ್ತಾರೆ.

“ಸಮಾಂತರ ಶ್ರೇಢಿಯಿಂದಲೇ ಅರ್ಥವಾಗಿಲ್ಲ” ಎನ್ನುತ್ತಾನೆ ಹುಡುಗ. ಒಂಬತ್ತು ದಿನಗಳಲ್ಲಿ ಅವನಾಗಿ ಆಡಿದ ಮೊದಲ ಮಾತು ಅದು.

ಪುಸ್ತಕ ತೆರೆಯುತ್ತದೆ. ಹಾಸಿಗೆಯ ಮೇಲೆ ಬಿದ್ದಿದ್ದ ಮೊಬೈಲನ್ನು ಯಾರೂ ಮುಟ್ಟುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅದರ ಬೆಳಕು ತಾನಾಗಿಯೇ ಆರುತ್ತದೆ.